ಮಳೆಯಲ್ಲಿ ಕಾನ್ಹೇರಿಗೆ

ಮುಂಬಯಿಯ ಚಳಿಗಾಲದ ಮಾತನ್ನು ಊರಿನಲ್ಲಿ ಯಾರ ಮುಂದೆ ಎತ್ತಿದರೂ ನಗುತ್ತಾರೆ. ಜನವರಿಯ ಒಂದು ಬೆಳಗ್ಗೆ ಉಷ್ಣಮಾನ 15 ಡಿಗ್ರಿಗೆ ಇಳಿಯಿತೆಂದರೆ ಸಾಕು, ನಮ್ಮವರ ಕಪಾಟುಗಳಿಂದ ಮಫ್ಲರುಗಳು ಹೊರಬೀಳುತ್ತವೆ. ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಗೆ ಧರಿಸಿ ಹಾಲು ತರಲು ಹೊರಟ ಮಹನೀಯರನ್ನು ಕಂಡು ಮಡಿಕೇರಿಯಿಂದ ಬಂದ ನೆಂಟರು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಪಶ್ಚಿಮದ ದೇಶಗಳಲ್ಲಿ ಸೈಕಲ್ ಸಂಘದವರು ಕೊರೆಯುವ ಚಳಿಯಲ್ಲಿ ಗುಂಪು ಕಟ್ಟಿಕೊಂಡು ಹೊರಡುವುದುಂಟು. ಮನೆಗೆ ಬಂದ ಮೇಲೆ ಆ ಕಷ್ಟವನ್ನು ವರ್ಣಿಸಿ ಸಂತೋಷಪಡುವುದೂ ಉಂಟು. ನಮಗೆ ಆ ಭಾಗ್ಯ ಚಳಿಗಾಲದಲ್ಲಿಲ್ಲ. ಈಚಿನ ವರ್ಷಗಳಲ್ಲಿ ಧೂಳು ಹೊಗೆಗಳು ಸೇರಿ ಬೆಳಗಿನ ಗಾಳಿಯನ್ನು ಕೆಡಿಸಿರುವುದನ್ನು ಬಿಟ್ಟರೆ ಇಲ್ಲಿನ ಚಳಿಗಾಲ ಸೈಕಲ್ಲಿಗೆ ಸುಗ್ಗಿಯೇ ಸರಿ. ನಮ್ಮ ಕಷ್ಟದ ಋತು ಆಷಾಢದಲ್ಲಿ ಬರುತ್ತದೆ. ಮೋಡ ಮುಚ್ಚಿದ ದಿನಕ್ಕೆ ಸಂಸ್ಕೃತದಲ್ಲಿ ದುರ್ದಿನವೆಂದೇ ಹೆಸರು. ಹೆಸರಿಟ್ಟವನು ಜುಲೈ ತಿಂಗಳಲ್ಲಿ ಸಯನ್ ಸರ್ಕಲ್ ದಾಟಿದವನಿರಬೇಕು.

ನಮ್ಮ ಬಳಗದ ಸೈಕಲ್ಲಿನವರು ಮಳೆಗಾಲದಲ್ಲಿಯೂ ಒಂದು ಸವಾರಿ ಹೊರಡುವರೆಂಬ ಸೂಚನೆಯನ್ನು ಓದಿ ಡೊಂಬಿವಲಿಯ ತಾಯಿಯೊಬ್ಬರು ನಮಗೆ ಬರೆದಿದ್ದರು. ಚಾತುರ್ಮಾಸ್ಯದಲ್ಲಿ ಸಂನ್ಯಾಸಿಗಳೇ ಕಾಲು ಕೀಳದೆ ಒಂದೆಡೆ ನಿಲ್ಲುತ್ತಾರೆ. ಸಂಸಾರಸ್ಥರಾದ ನೀವು ಮಕ್ಕಳನ್ನು ಕಟ್ಟಿಕೊಂಡು ಹೊರಡುವುದು ಯಾವ ಶಾಸ್ತ್ರ ಎಂದು ಅವರ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ. ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಭಯದ ಭಾಗವನ್ನು ಹೇಳಿಬಿಡೋಣ, ಏಕೆಂದರೆ ಅದು ಸುಳ್ಳು ಭಯವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿದುದನ್ನು ನಮ್ಮಲ್ಲಿ ಅನೇಕರು ಎದೆಮಟ್ಟದ ನೀರಿನಲ್ಲಿ ನಡೆದು ಕಂಡವರು. ಈ ನಗರದ ಹಳೆಯ ಮಳೆನೀರಿನ ಕಾಲುವೆಗಳನ್ನು ಗಂಟೆಗೆ 25 ಮಿಲಿಮೀಟರು ಮಳೆಯನ್ನು ಸಾಗಿಸುವ ಲೆಕ್ಕದಲ್ಲಿ ಕಟ್ಟಿದ್ದರು, ಅದೂ ಸಮುದ್ರದಲ್ಲಿ ಇಳಿತವಿರುವಾಗ. ಕಾಲುವೆಗಳ ಬಾಯಿಗಳಲ್ಲಿ ಬಹಳಷ್ಟು ಭರತದ ಮಟ್ಟಕ್ಕಿಂತ ಕೆಳಗಿವೆ. ಭರತ ನಾಲ್ಕೂವರೆ ಮೀಟರು ಮೀರಿದ ಹೊತ್ತಿಗೇ ಜಡಿಮಳೆಯೂ ಹಿಡಿಯಿತೆಂದರೆ ನೀರಿಗೆ ಹೋಗಲು ದಾರಿಯಿಲ್ಲ. ಅದು ಹಿಂದಮಾತಾದಲ್ಲಿ, ಗಾಂಧಿ ಮಾರ್ಕೆಟ್ಟಿನ ಮುಂದೆ, ಮಿಲನ್ ಸಬ್‌ವೇಯಲ್ಲಿ ನಿಂತು ಸಮುದ್ರದ ಅಪ್ಪಣೆಗೆ ಕಾಯುತ್ತದೆ. ನಿಂತ ನೀರಿನ ಕೆಳಗೆ ಏನಿದೆಯೆಂದು ತಿಳಿಯುವ ಹಾಗಿಲ್ಲ. 2017ರ ಆಗಸ್ಟ್ 29ರಂದು ಈ ನಗರದ ಹೆಸರಾಂತ ವೈದ್ಯರೊಬ್ಬರು ಮೋಟಾರಿನಿಂದಿಳಿದು ಮನೆಯತ್ತ ನಡೆದುಹೋಗುತ್ತಿರುವಾಗ ತೆರೆದ ಮ್ಯಾನ್‌ಹೋಲಿನಲ್ಲಿ ಬಿದ್ದು ತೀರಿಹೋದರು. ನಡೆಯುವವರ ಗತಿ ಹೀಗಾದರೆ ಎರಡು ಗಾಲಿಗಳ ಮೇಲೆ ಕುಳಿತವರ ಮಾತೇನು?

ಆದುದರಿಂದ ನಮ್ಮ ಸವಾರಿಗೆ ಒಬ್ಬ ಯಜಮಾನರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಲೆಡ್ಜರಿನ ಶಿಸ್ತು ಇನ್ನೂ ಬಿಟ್ಟಿಲ್ಲ. ಪಂಚಾಂಗದಲ್ಲಿ ತಿಥಿ ನೋಡುವಂತೆ ಅವರು ಭರತದ ವೇಳೆಯನ್ನು ನೋಡಿ ದಿನ ಗೊತ್ತುಮಾಡುತ್ತಾರೆ. ಪೆಡಲಿನ ಮಟ್ಟಕ್ಕೆ ನೀರು ಬಂದರೆ ಎಲ್ಲರೂ ಇಳಿಯತಕ್ಕದ್ದು. ತಳ ಕಾಣದ ನೀರಿನಲ್ಲಿ ಯಾರೂ ಮುಂದಾಗಕೂಡದು. ರಸ್ತೆಯ ಬಿಳಿ ಪಟ್ಟೆಯ ಮೇಲೂ ಚರಂಡಿಯ ಕಬ್ಬಿಣದ ಮುಚ್ಚಳದ ಮೇಲೂ ಬ್ರೇಕು ಒತ್ತಕೂಡದು. ರಿಮ್ಮಿಗೆ ಹಿಡಿಯುವ ಬ್ರೇಕು ಮಳೆಯಲ್ಲಿ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲಿಯೇ ಕಳೆಯುತ್ತದೆ, ಹಿಡಿತ ಆಮೇಲೆ ಬರುತ್ತದೆ; ಹಾಗಾಗಿ ಮುಂದಿನವನಿಗೂ ಹಿಂದಿನವನಿಗೂ ನಡುವೆ ಬೇಸಗೆಯ ಎರಡರಷ್ಟು ಅಂತರ. ಇವೆಲ್ಲ ಅವರು ಹೊರಡುವ ಮೊದಲು ಓದಿ ಹೇಳುವ ಕಲಮುಗಳು. ಕೇಳಿ ಆಕಳಿಸುವವರೂ ಇದ್ದಾರೆ.

ಆಟಿ ಅಮಾವಾಸ್ಯೆಯ ಕಷಾಯ ಕುಡಿದ ವಾರದ ಭಾನುವಾರ, ಬೆಳಗಿನ ಐದೂವರೆಗೆ, ಮಾಟುಂಗದ ಮಹೇಶ್ವರಿ ಉದ್ಯಾನದ ಬಳಿ ಹತ್ತೊಂಬತ್ತು ಮಂದಿ ಕೂಡಿದೆವು. ಹೋಗತಕ್ಕದ್ದು ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಿಗೆ. ಸುಮಾರು ಮೂವತ್ತು ಕಿಲೋಮೀಟರು. ಮಧ್ಯಾಹ್ನ ಎರಡರ ಸುಮಾರಿಗೆ ದೊಡ್ಡ ಭರತವಿದ್ದುದರಿಂದ ಅದಕ್ಕೆ ಮುಂಚೆ ಮನೆ ಸೇರಬೇಕೆಂದು ಯಜಮಾನರ ಆಜ್ಞೆ. ಧಾರಾವಿ ದಾಟುವವರೆಗೆ ತುಂತುರು. ಕಲಾನಗರದಲ್ಲಿ ಹೆದ್ದಾರಿ ಹಿಡಿದೊಡನೆ ಆಕಾಶ ತನ್ನ ಬಾಕಿಯನ್ನೆಲ್ಲ ಒಮ್ಮೆಲೇ ಚುಕ್ತಾ ಮಾಡತೊಡಗಿತು. ಅಂಧೇರಿಯಿಂದ ಮುಂದೆ ನೆತ್ತಿಯ ಮೇಲೆ ಮೆಟ್ರೋ ಸೇತುವೆಯಿದೆ. ಅದರ ಕೆಳಗೆ ಸರಿದರೆ ರಕ್ಷಣೆ ದೊರೆಯುವುದೆಂದು ಎಣಿಸಿದ ಕೆಲವರಿಗೆ ತಿಳಿದುದೇನೆಂದರೆ, ಆಕಾಶದ ಮಳೆ ಹನಿಹನಿಯಾಗಿ ಬೀಳುತ್ತದೆ, ಸೇತುವೆಯ ಮಳೆ ಕೊಡಗಟ್ಟಲೆ ಬೀಳುತ್ತದೆ. ಕನ್ನಡಕ ಧರಿಸಿದವರು ಅದನ್ನು ತೆಗೆದರೆ ಕಾಣದು, ಹಾಕಿದರೂ ಕಾಣದು. ಲಾರಿಯೊಂದು ಪಕ್ಕದಲ್ಲಿ ಹೋದರೆ ಒಂದು ಸ್ನಾನ.

ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳು ಒಂಬತ್ತನೆಯ ತರಗತಿಯ ಹುಡುಗಿ. ಕಿಂಗ್ಸ್ ಸರ್ಕಲಿನ ಬಳಿಯೇ ಮನೆ. ಚಿಕ್ಕಪ್ಪನ ಹಳೆಯ ಸೈಕಲ್ಲು, ಅದರ ಎತ್ತರಕ್ಕೆ ಅವಳ ಕಾಲು ಇನ್ನೂ ಸಾಲದು. ವಿಲೇಪಾರ್ಲೆಯಲ್ಲಿ ಒಮ್ಮೆ ಚೈನು ಕಳಚಿತು, ಅಂಧೇರಿಯಲ್ಲಿ ಮತ್ತೊಮ್ಮೆ, ಜೋಗೇಶ್ವರಿಯ ಮೇಲ್ಸೇತುವೆಯ ಬಳಿ ಮೂರನೆಯ ಸಲ. ಮಳೆ ಎಣ್ಣೆಯನ್ನೆಲ್ಲ ತೊಳೆದುಬಿಟ್ಟಿತ್ತು. ಚೈನು ಕಿರಿಕಿರಿ ಎನ್ನುವುದು ಮಳೆಯ ಸದ್ದಿನಲ್ಲಿಯೂ ಕೇಳುತ್ತಿತ್ತು. ಎಲ್ಲರೂ ಸೇತುವೆಯ ಕೆಳಗೆ ನಿಂತೆವು. ಆಗಲೇ ಮಾತು ಬೆಳೆದದ್ದು.

ಗುಂಪಿನಲ್ಲಿ ಮೂವರು ತರುಣರಿದ್ದರು. ದೂರದ ಸವಾರಿಗಳಿಗೆ ಸಾಧನೆ ಮಾಡುತ್ತಿರುವವರು. ಓದುಗರಲ್ಲಿ ಕೆಲವರಿಗೆ ತಿಳಿದಿರಲಾರದು: ಬ್ರೆವೆ ಎಂಬ ಹೆಸರಿನ ಈ ಸವಾರಿಗಳು ಫ್ರಾನ್ಸಿನಲ್ಲಿ ಹುಟ್ಟಿದವು, ಈಗ ಮುಂಬಯಿಯಲ್ಲಿಯೂ ನಡೆಯುತ್ತವೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 600 ಕಿಲೋಮೀಟರನ್ನು 40 ಗಂಟೆಯೊಳಗೆ ಮುಗಿಸಬೇಕು. ನಡುವೆ ಸೈಕಲ್ಲು ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳಬೇಕು. ಅದರಲ್ಲಿ ಮೊದಲನೆಯವನು, ಎರಡನೆಯವನು ಎಂಬ ಲೆಕ್ಕವಿಲ್ಲ. ಹೊತ್ತಿಗೆ ಮುಟ್ಟಿದವರೆಲ್ಲ ಸಮಾನರು. ನಮಗೆ ಮೆಚ್ಚುಗೆಯಾದ ಏರ್ಪಾಡು. ಆದರೆ ಅಂಥ ಸಾಧನೆಯ ತರುಣರಿಗೆ ಕಾಲು ಗಂಟೆಗೊಮ್ಮೆ ಕಾಲು ಊರಿ ನಿಲ್ಲುವುದೆಂದರೆ ಶಿಕ್ಷೆ. ಸಣ್ಣವರನ್ನು ಇಂಥ ದಿನ ಏಕೆ ಕರೆತರಬೇಕು ಎಂದು ಒಬ್ಬ ಕೇಳಿದ. ಹುಡುಗಿ ಮುಖ ತಿರುಗಿಸಿ ಚೈನಿನ ಕಡೆ ಬಗ್ಗಿದಳು. ಅವಳ ಚಿಕ್ಕಪ್ಪ ಏನೋ ಬಿರುಸಾಗಿ ಅಂದರು. ಮಳೆಯಲ್ಲಿ ನೆನೆದವರಿಗೆ ಸಿಟ್ಟು ಬೇಗ ಬರುತ್ತದೆಯೆಂಬುದನ್ನು ಅಂದು ಕಂಡೆವು.

ಆ ಜಗಳದ ನಡುವೆ ನಮಗೆ ನೆನಪಾದವರು ಇದೇ ಊರಿನ ಆರು ಮಂದಿ ಪಾರಸಿ ತರುಣರು. ಬಾಂಬೆ ವೆಯ್ಟ್‌ಲಿಫ್ಟಿಂಗ್ ಕ್ಲಬ್ಬಿನ ಸದಸ್ಯರು; 1923ರ ಅಕ್ಟೋಬರ್ 15ರಂದು ಸೈಕಲ್ಲಿನಲ್ಲಿ ಲೋಕ ಸುತ್ತಲು ಮುಂಬಯಿಯಿಂದ ಹೊರಟರು. ಇರಾನಿನ ಮರಳುಗಾಡು, ಆಲ್ಪ್ಸ್ ಪರ್ವತ, ಅಮೇರಿಕ, ಜಪಾನು, ಚೀನ, ಬ್ರಹ್ಮದೇಶಗಳನ್ನು ಹಾದು 1928ರ ಮಾರ್ಚಿನಲ್ಲಿ ಸುತ್ತು ಮುಗಿಸಿದವರು ಮೂವರು: ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮಗಾರಾ. ತಮ್ಮ ಪ್ರಯಾಣವನ್ನು 1931ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ಉಳಿದ ಮೂವರ ಕತೆ ನಮಗೆ ಇನ್ನೂ ಹತ್ತಿರವಾದದ್ದು. ಒಬ್ಬರು ತೆಹರಾನಿನಿಂದಲೇ ಸ್ವಂತ ಕಾರಣಕ್ಕಾಗಿ ಹಿಂದಿರುಗಿದರು. ಮತ್ತೊಬ್ಬರು ಅಮೇರಿಕದಲ್ಲಿಯೇ ನೆಲೆಸಲು ನಿಶ್ಚಯಿಸಿದರು. ಇನ್ನೊಬ್ಬರು, ಗೆಳೆಯನು ಅಲ್ಲಿ ನಿಂತುಬಿಟ್ಟದ್ದಕ್ಕೆ ಮನಸ್ಸು ಮುರಿದು, ನ್ಯೂಯಾರ್ಕಿನಿಂದ ಹಡಗು ಹತ್ತಿ ಮನೆಗೆ ಬಂದರು. ಗುರಿ ಮುಟ್ಟಿದವರ ಹೆಸರು ಚರಿತ್ರೆಯಲ್ಲಿದೆ, ಇರಬೇಕಾದದ್ದೇ. ಆದರೆ ಮರಳುಗಾಡು ದಾಟಿದ ಕಾಲುಗಳು ಒಬ್ಬ ಸಂಗಡಿಗನಿಲ್ಲದೆ ನಿಂತುಹೋದವಲ್ಲ, ಆ ಮನುಷ್ಯನ ಮೇಲೆ ನಮಗೆ ಒಂದು ಬಗೆಯ ಮಮತೆ.

ಯಜಮಾನರು ಯಾರನ್ನೂ ಗದರಲಿಲ್ಲ. ಮುಂದೆ ಹೋಗಬಯಸುವವರು ಹೋಗಿ ಉದ್ಯಾನದ ಬಾಗಿಲಲ್ಲಿ ಕಾಯಿರಿ ಎಂದರು. ಮೂವರೂ ಹೋದರು.

ಉಳಿದ ಹದಿನಾರು ಮಂದಿಯ ಪಾಲಿಗೆ ಅಲ್ಲೊಬ್ಬ ಚಹಾದವನು ಬಂದ. ನೀಲಿ ಪ್ಲಾಸ್ಟಿಕ್ಕಿನಲ್ಲಿ ತನ್ನನ್ನು ಸುತ್ತಿಕೊಳ್ಳುವುದಕ್ಕಿಂತ ಹೆಚ್ಚಿನ ಜೋಪಾನದಿಂದ ಹಿಂದಿನ ಕ್ಯಾರಿಯರಿನ ಕೆಟಲನ್ನು ಸುತ್ತಿದ್ದ. ಅವನ ಹಿಂದೆಯೇ ಪಾವಿನ ಚೀಲ ಹೇರಿದ ಮತ್ತೊಂದು ಸೈಕಲ್ಲು ನಿಲ್ಲದೆ ಸಾಗಿತು. ಇವರ ಸೈಕಲ್ಲುಗಳಿಗೆ ಗೇರಿಲ್ಲ, ತಲೆಗೆ ಹೆಲ್ಮೆಟ್ಟಿಲ್ಲ. ಭಾರ ಮಾತ್ರ ನಮ್ಮ ಎರಡರಷ್ಟು. ಮಳೆಗಾಲದ ನಾಲ್ಕು ತಿಂಗಳು ಪ್ರತಿದಿನವೂ ಇದೇ ಸವಾರಿ. ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಕಾನ್ಹೇರಿಗೆ ಎಂದೆವು. ಕೆಲಸವೇ ಎಂದು ಕೇಳಿದ. ಅಲ್ಲ ಎಂದುದಕ್ಕೆ ಹದಿನಾರೂ ಮುಖಗಳನ್ನು ಒಮ್ಮೆ ನೋಡಿ, ಎರಡನೆಯ ಸುತ್ತಿಗೆ ಶುಂಠಿ ಹೆಚ್ಚಾಗಿದ್ದ ಕೆಟಲನ್ನು ತೆರೆದ.

ಉದ್ಯಾನದ ಬಾಗಿಲಲ್ಲಿ ಮೂವರು ತರುಣರು ತುಟಿ ನೀಲಿಗಟ್ಟಿ ನಡುಗುತ್ತಿದ್ದರು. ತುಳಿಯುತ್ತಿರುವವನಿಗೆ ಮೈ ಕಾಯುತ್ತದೆ. ನೆನೆದ ಬಟ್ಟೆಯಲ್ಲಿ ಗಾಳಿಗೆ ನಿಂತವನಿಗೆ ಮುಂಬಯಿಯಲ್ಲಿಯೂ ಮಡಿಕೇರಿಯೇ. ಅವರಿಗೆ ಚಹಾವೂ ತಪ್ಪಿತ್ತು. ಆದರೆ ಚೈನಿಗೆ ಹಾಕುವ ಎಣ್ಣೆ ಇಡೀ ಗುಂಪಿನಲ್ಲಿ ಇದ್ದದ್ದು ಅವರ ಚೀಲದಲ್ಲಿ ಮಾತ್ರ! ಸೇತುವೆಯ ಕೆಳಗೆ ಮಾತು ಆಡಿದ್ದವನೇ ಬಂದು, ಯಾರೂ ಹೇಳದೆ, ಹುಡುಗಿಯ ಸೈಕಲ್ಲನ್ನು ತಲೆಕೆಳಗು ಮಾಡಿ, ಹಿಂದಿನ ಗಾಲಿಯನ್ನು ಎಳೆದು ಚೈನು ಬಿಗಿಮಾಡಿ, ಒರೆಸಿ, ಎಣ್ಣೆ ಹಾಕಿಕೊಟ್ಟ. ಸೀಟನ್ನೂ ಎರಡಂಗುಲ ಇಳಿಸಿದ. ಆಮೇಲೆ ಗುಹೆಗಳವರೆಗಿನ ಆರು ಕಿಲೋಮೀಟರಿನ ಏರಿನಲ್ಲಿ ಅವಳ ಚೈನು ಒಮ್ಮೆಯೂ ಕಳಚಲಿಲ್ಲ. ದಹಿಸರ್ ನದಿ ಕೆಂಪಾಗಿ ಮೊರೆಯುತ್ತಿತ್ತು. ಕಾಡಿನ ಹಸುರನ್ನು ನೋಡಿ ಉಡುಪಿಯ ಕಡೆಯವರು ತಮ್ಮ ತಮ್ಮ ಊರಿನ ಹೆಸರು ಹೇಳತೊಡಗಿದರು.

ಡೊಂಬಿವಲಿಯ ತಾಯಿಗೆ ಉತ್ತರ ಸಿಕ್ಕಿದ್ದು ಗುಹೆಗಳಲ್ಲಿ. ಅದು ಅವರ ಪಕ್ಷಕ್ಕೇ ಸೇರಿದ ಉತ್ತರವೆಂದು ಹೇಳಬೇಕು. ಬೌದ್ಧ ಭಿಕ್ಷುಗಳು ಒಣಗಾಲದಲ್ಲಿ ಊರೂರು ಅಲೆದು ಮಳೆಯ ಮೂರು ತಿಂಗಳು ಒಂದೆಡೆ ನಿಲ್ಲುತ್ತಿದ್ದರು. ವರ್ಷಾವಾಸವೆಂದು ಅದರ ಹೆಸರು. ಕರಿಯ ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚಿನ ಈ ಗುಹೆಗಳು ಅಂಥ ವಾಸಕ್ಕೆ ಹೇಳಿಮಾಡಿಸಿದ ಜಾಗ. ಪ್ರಯಾಣ ಮಾಡಬಾರದೆಂದು ತಿಳಿದವರ ಮನೆಗೆ ನಾವು ಮಳೆಯಲ್ಲಿ ಪ್ರಯಾಣ ಮಾಡಿ ಹೋದಂತಾಯಿತು! ಗುಹೆಗಳ ಅಂಗಳದಲ್ಲಿ ಕಲ್ಲಿನ ತೊಟ್ಟಿಗಳಿವೆ. ಬಂಡೆಯ ಮೇಲೆ ಕೊರೆದ ಸಣ್ಣ ಕಾಲುವೆಗಳ ದಾರಿಯಿಂದ ಮಳೆಯ ನೀರು ಬಂದು ಅವುಗಳಿಗೆ ಬೀಳುತ್ತದೆ. ಸಾವಿರಾರು ವರ್ಷದ ಕಾಲುವೆಗಳು ಅಂದು ಎಲ್ಲಿಯೂ ಕಟ್ಟಿಕೊಂಡಿರಲಿಲ್ಲ. ಕೆಳಗಿನ ನಗರದ ಎಂಜಿನಿಯರರನ್ನು ಮಳೆಗಾಲದಲ್ಲಿಯೇ ಇಲ್ಲಿಗೆ ಕರೆತರಬೇಕು.

ಇನ್ನೊಂದು ವಿಷಯ ನಮ್ಮ ಮಕ್ಕಳಿಗೆ ಗೊತ್ತಿರಬೇಕಾದದ್ದು. ಈ ಗುಹೆಗಳಲ್ಲಿ ಶಕ 765, 775, 799ರ ಸಂಸ್ಕೃತ ಶಾಸನಗಳಿವೆ. ನಮ್ಮ ಲೆಕ್ಕದಲ್ಲಿ ಒಂಬತ್ತನೆಯ ಶತಮಾನ. ಕೊಂಕಣವನ್ನಾಳುತ್ತಿದ್ದ ಶಿಲಾಹಾರ ಸಾಮಂತರು ಅವುಗಳಲ್ಲಿ ತಮ್ಮ ಸಾರ್ವಭೌಮನೆಂದು ಹೆಸರಿಸಿರುವುದು ಅಮೋಘವರ್ಷನನ್ನು, ಎಂದರೆ ಮಾನ್ಯಖೇಟದ ನೃಪತುಂಗನನ್ನು. ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಶಾಸನಗಳಲ್ಲಿರುವುದು ಯುದ್ಧದ ಸುದ್ದಿಯಲ್ಲ. ಗುಹೆಯ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಬಿಟ್ಟ ಹಣದ ವಿವರ. ದುರಸ್ತಿಯ ಮಾತು ಕೇಳಿ ಹುಡುಗಿ ಎಣ್ಣೆಯ ಕೈಯನ್ನು ನೋಡಿಕೊಂಡು ನಕ್ಕಳು. ಬುತ್ತಿಯ ಚಿತ್ರಾನ್ನದಲ್ಲಿ ಅರ್ಧ ಪಾಲು ಮಂಗಗಳಿಗೆ ಸಂದಿತು.

ಹಾಗಾದರೆ ಮಕ್ಕಳನ್ನು ಕರೆದೊಯ್ಯಬೇಕೆ? ಕರೆದೊಯ್ಯಬೇಕೆಂದೇ ನಮ್ಮ ಅಭಿಪ್ರಾಯ. ಊರಿನಲ್ಲಿ ಹಳ್ಳ ದಾಟಿ ಶಾಲೆಗೆ ಹೋದವರ ಮಕ್ಕಳು ಮಳೆಯನ್ನು ಐದನೆಯ ಮಹಡಿಯ ಕಿಟಕಿಯಿಂದ ಮಾತ್ರ ನೋಡಿ ಬೆಳೆಯುವುದು ನಮಗೆ ಒಪ್ಪದು. ಆದರೆ ಭರತದ ವೇಳೆ ನೋಡಿಯೇ ಹೊರಡಬೇಕು, ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ ಹೊರಡಲೇಬಾರದು, ಹಿಂದಿನವರ ವೇಗವೇ ಎಲ್ಲರ ವೇಗವಾಗಬೇಕು. ಸಾಧನೆಯ ತರುಣರಿಗೆ ಬೇರೆ ಭಾನುವಾರಗಳಿವೆ; ಅವರು 600 ಕಿಲೋಮೀಟರು ಮುಗಿಸಿ ಬಂದ ದಿನ ಈ ಪುಟದಲ್ಲಿಯೇ ಅವರ ಹೆಸರು ಹಾಕುತ್ತೇವೆ.

ಇಳಿಯುವಾಗ ಯಜಮಾನರು ಹುಡುಗಿಯನ್ನು ಎಲ್ಲರ ಮುಂದೆ ಬಿಟ್ಟರು, ಮೂವರು ತರುಣರನ್ನು ಕೊನೆಯಲ್ಲಿ ಇರಿಸಿದರು. ಹನ್ನೆರಡೂಮುಕ್ಕಾಲಕ್ಕೆ ಸಯನ್ ದಾಟಿದೆವು. ಗಾಂಧಿ ಮಾರ್ಕೆಟ್ಟಿನ ಮುಂದೆ ನೀರು ಆಗಲೇ ಮೊಣಕಾಲಿಗೆ ಬಂದಿತ್ತು. ಎಲ್ಲರೂ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ, ರಸ್ತೆಯ ನಡುವಿನ ಕಟ್ಟೆ ಹಿಡಿದು ಒಬ್ಬರ ಹಿಂದೊಬ್ಬರು ನಡೆದೆವು. ಹುಡುಗಿಯ ತಾಯಿ ಮೂರನೆಯ ಮಹಡಿಯ ಗ್ಯಾಲರಿಯಿಂದ ಎಣಿಸುತ್ತಿದ್ದರಂತೆ. ಹತ್ತೊಂಬತ್ತು ಸರಿಯಾಯಿತು, ಕಾಫಿಗೆ ಹಾಲಿಟ್ಟರು.