ತರಗೆಲೆ ಸುಟ್ಟರೆ ನವರಂಗಕ್ಕೆ ನೆಲೆಯೆಲ್ಲಿ?

ಹಸಿರು ಬೆನ್ನು, ಕಂದುಹಳದಿ ಎದೆ, ಬಿಳಿ ಕೊರಳು, ಕಣ್ಣಿನ ಮೇಲೆ ಹಾಯ್ದ ಕಪ್ಪು ಪಟ್ಟೆ, ಮೋಟು ಬಾಲದಡಿ ಕೆಂಪು: ಇದೇ ನವರಂಗ ಹಕ್ಕಿ. ಚಳಿಗಾಲಕ್ಕೆ ದಕ್ಷಿಣಕ್ಕೆ ವಲಸೆ ಬರುವ ಇದರ ಎರಡು ಸ್ವರದ ಸಿಳ್ಳು ಮುಂಜಾವು, ಮುಸ್ಸಂಜೆಗಳಲ್ಲಿ ಕೇಳುತ್ತದೆ. ಪೊದೆಯಡಿಯ ತರಗೆಲೆ ಕೆದಕಿ ಹುಳು ಹೆಕ್ಕುವುದೇ ಇದರ ಬದುಕು. ಕಪ್ಪತಗುಡ್ಡದಂತಹ ಕುರುಚಲು ಕಾಡು ಇದಕ್ಕೆ ತಕ್ಕ ನೆಲೆ.

ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯ ಈ ಗುಡ್ಡಕ್ಕೆ 2015ರಲ್ಲಿ ದೊರೆತ ಸಂರಕ್ಷಿತ ಸ್ಥಾನವನ್ನು ಸರ್ಕಾರವೇ 2016ರಲ್ಲಿ ಕಿತ್ತುಕೊಂಡಿತು. ಜನರ ಹೋರಾಟಕ್ಕೆ ಮಣಿದು 2017ರಲ್ಲಿ ಮರಳಿಸಿತು; 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿತು. ಆದರೂ ಬೇಸಿಗೆಯಲ್ಲಿ ಗುಡ್ಡ ಉರಿಯುವುದು ತಪ್ಪಿಲ್ಲ. ಬೆಂಕಿ ಇಟ್ಟರೆ ಹುಲ್ಲು ಚೆನ್ನಾಗಿ ಚಿಗುರುತ್ತದೆ ಎನ್ನುವವರು, ತರಗೆಲೆಯೊಡನೆ ಸುಟ್ಟುಹೋದ ಹುಳುಗಳನ್ನು ಎಲ್ಲಿಂದ ತಂದಾರು? ಗಣಿಯವರ ವಿರುದ್ಧ ಗೆದ್ದ ಗುಡ್ಡವನ್ನು ಒಂದು ಬೆಂಕಿಕಡ್ಡಿಗೆ ಸೋಲುವುದು ಹೋರಾಟಕ್ಕೆ ಬಗೆಯುವ ದ್ರೋಹ.