ದಿನಕ್ಕೆ ಮೈಲಿಗೆಯಿಲ್ಲ: ಆಟಿಯ ಹಸಿವೂ ಪಂಚಾಂಗದ ಉಪವಾಸವೂ

ಹಸಿದವನ ಮನೆಯಲ್ಲಿ ಉಪವಾಸಕ್ಕೆ ತಿಥಿ ಬೇಕಾಗಿಲ್ಲ. ಉಂಡವನಿಗೆ ಮಾತ್ರ ಉಪವಾಸದ ದಿನವನ್ನು ಪಂಚಾಂಗದಲ್ಲಿ ಹುಡುಕಬೇಕಾಗುತ್ತದೆ. ತುಳುನಾಡಿನ ಆಟಿ ತಿಂಗಳನ್ನೂ ಅದರ ಒಡಹುಟ್ಟಾದ ತಮಿಳರ ಆಡಿ ತಿಂಗಳನ್ನೂ ಈ ಮಾತಿನ ಬೆಳಕಿನಲ್ಲಿ ನೋಡಿದರೆ, ಅವುಗಳ ವ್ರತ, ಪರ್ವ, ನಿಷೇಧಗಳ ಹಿಂದಿರುವುದು ಆಕಾಶದ ನಕ್ಷತ್ರವೋ ಮನುಷ್ಯನ ಹೊಟ್ಟೆಯೋ ಎಂಬುದು ತಾನಾಗಿಯೇ ತಿಳಿಯುತ್ತದೆ.

ಬೆಳ್ತಂಗಡಿ ತಾಲ್ಲೂಕಿನ ನಾರಾವಿ, ಕುದುರೆಮುಖ ಬೆಟ್ಟಸಾಲಿನ ಬುಡದಲ್ಲಿರುವ ಊರು. ಅಲ್ಲಿ ಸೂರ್ಯನಾರಾಯಣನ ದೇವಸ್ಥಾನವಿದೆ, ಜೈನರ ಬಸದಿಯಿದೆ, ಕ್ರೈಸ್ತರ ಇಗರ್ಜಿಯಿದೆ. ಏಕಾದಶಿಗೆ ಒಂದು ಲೆಕ್ಕ, ಜೈನರ ದಶಲಕ್ಷಣ ಪರ್ವಕ್ಕೆ ಇನ್ನೊಂದು, ಈಸ್ಟರ್‌ಗೆ ಮೊದಲಿನ ತಪಸ್ಸುಕಾಲಕ್ಕೆ ಮತ್ತೊಂದು. ಉಪವಾಸದ ಲೆಕ್ಕಗಳು ಹೀಗೆ ಬೇರೆಬೇರೆಯಾದರೂ ಅಲ್ಲಿಯ ಗದ್ದೆಗೆ ತಲೆತಲಾಂತರದಿಂದ ಇದ್ದ ಲೆಕ್ಕ ಒಂದೇ. ಅದು ಸೂರ್ಯನ ಲೆಕ್ಕ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ಸಾಗುವ ತುಳು ತಿಂಗಳುಗಳು ತಮಿಳರ ಚಿತ್ತಿರೈ, ವೈಕಾಸಿ, ಆನಿ, ಆಡಿ, ಆವಣಿಗಳ ಹಾಗೆಯೇ ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಸಲ್ಪಡುವಂಥವು. ಸೂರ್ಯನು ಕರ್ಕಾಟಕ ರಾಶಿಯಲ್ಲಿರುವ ಕಾಲವನ್ನು ನಾರಾವಿಯವರು ಆಟಿಯೆಂದರೆ ತಮಿಳರು ಆಡಿಯೆನ್ನುತ್ತಾರೆ, ಕೊಡವರು ಕಕ್ಕಡವೆನ್ನುತ್ತಾರೆ, ಮಲಯಾಳಿಗಳು ಕರ್ಕಿಡಕವೆನ್ನುತ್ತಾರೆ. ಸೂರ್ಯನೊಬ್ಬನೇ, ತಿಂಗಳೊಂದೇ, ಹೆಸರು ನಾಲ್ಕು.

ಈ ತಿಂಗಳು ಅಶುಭವೆಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಕೆಲಸಕ್ಕೆ ಕೈಹಾಕುವಂತಿಲ್ಲ. ಹೊಸ ಮದುಮಗಳನ್ನು ತವರಿಗೆ ಕಳುಹಿಸುವುದು ತಮಿಳುನಾಡಿನಲ್ಲೂ ಇದೆ, ತುಳುನಾಡಿನಲ್ಲೂ ಇದೆ. ಕಾರಣ ಕೇಳಿದರೆ "ದಿನ ಒಳ್ಳೆಯದಲ್ಲ" ಎಂಬುದೇ ಉತ್ತರ. ಆದರೆ ದಿನಕ್ಕೆ ಸ್ವಂತವಾದ ಒಳ್ಳೆಯತನವಾಗಲಿ ಕೆಟ್ಟತನವಾಗಲಿ ಇದ್ದಿದ್ದರೆ ಅದು ಎಲ್ಲ ಊರಿನಲ್ಲೂ ಒಂದೇ ಆಗಿರಬೇಕಿತ್ತಲ್ಲವೇ? ಆಟಿಯ ಅಮಾವಾಸ್ಯೆಯನ್ನೇ ತೆಗೆದುಕೊಳ್ಳಬಹುದು. ಆ ದಿನ ತಮಿಳರು ರಾಮೇಶ್ವರದ ಕಡಲಿನಲ್ಲಿ, ಕಾವೇರಿಯ ದಡದಲ್ಲಿ ಪಿತೃಗಳಿಗೆ ತರ್ಪಣ ಬಿಡುತ್ತಾರೆ. ತುಳುನಾಡಿನವರು ಪಾಲೆಯ ಮರದ ಕೆತ್ತೆಯ ಕಷಾಯ ಕುಡಿದು ಮೆಂತೆಯ ಗಂಜಿ ಉಣ್ಣುತ್ತಾರೆ. ಘಟ್ಟದ ಮೇಲೆ ಅದೇ ದಿನ ಭೀಮನ ಅಮಾವಾಸ್ಯೆ. ಹೆಂಗಸರು ಗಂಡನ ಪಾದಪೂಜೆ ಮಾಡುತ್ತಾರೆ. ಒಂದೇ ಚಂದ್ರನಿಲ್ಲದ ರಾತ್ರಿ ಒಂದೆಡೆ ಸತ್ತವರದು, ಒಂದೆಡೆ ಮದ್ದಿನದು, ಒಂದೆಡೆ ಗಂಡನದು. ಅರ್ಥವು ದಿನದೊಳಗೆ ಹುಟ್ಟಿದ್ದಲ್ಲ, ಮನುಷ್ಯರು ಅದರ ಮೇಲೆ ಹೊದಿಸಿದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೇಕೆನ್ನುವವರಿಗೆ ಇನ್ನೂ ಇವೆ. 2023ರಲ್ಲಿ ಸೂರ್ಯನು ಕರ್ಕಾಟಕದಲ್ಲಿರುವಾಗಲೇ ಜುಲೈ 17ರಂದು ಒಂದು, ಆಗಸ್ಟ್ 16ರಂದು ಇನ್ನೊಂದು, ಹೀಗೆ ಎರಡು ಅಮಾವಾಸ್ಯೆಗಳು ಬಂದವು. ಪಿತೃಗಳು ಯಾವ ಅಮಾವಾಸ್ಯೆಗೆ ಬರುತ್ತಾರೆಂಬ ಪ್ರಶ್ನೆಯನ್ನು ಪಿತೃಗಳು ಬಗೆಹರಿಸಲಿಲ್ಲ, ಪಂಚಾಂಗ ಬರೆಯುವವರೇ ಬಗೆಹರಿಸಬೇಕಾಯಿತು. ಸಂಕ್ರಮಣವು ಸೂರ್ಯಾಸ್ತಕ್ಕೆ ಮೊದಲಾದರೆ ಅಂದೇ ತಿಂಗಳ ಮೊದಲ ದಿನವೆಂಬುದು ತಮಿಳರ ನಿಯಮ. ಸೂರ್ಯೋದಯದಿಂದ ಹದಿನೆಂಟು ಗಳಿಗೆಯೊಳಗಾದರೆ ಮಾತ್ರ ಅಂದು, ತಡವಾದರೆ ಮರುದಿನ ಎಂಬುದು ಕೇರಳದ ನಿಯಮ. ಆದುದರಿಂದಲೇ 2019ರಲ್ಲಿ ತಮಿಳರ ಹೊಸವರ್ಷ ಏಪ್ರಿಲ್ 14ಕ್ಕೂ ಮಲಯಾಳಿಗಳ ವಿಷು ಏಪ್ರಿಲ್ 15ಕ್ಕೂ ಬಂದವು. ಪಾಲಕ್ಕಾಡಿನ ಗಡಿ ದಾಟಿದ ಮಾತ್ರಕ್ಕೆ ಪುಣ್ಯಕಾಲವೂ ಒಂದು ದಿನ ದಾಟಿತು.

ವಿಷು, ಬಿಸು ಎಂಬ ಮಾತಿನ ಮೂಲ ವಿಷುವತ್, ಅಂದರೆ ಹಗಲಿರುಳು ಸಮವಾದ ದಿನ. ಹಗಲಿರುಳು ಸಮವಾಗುವುದು ಮಾರ್ಚ್ 20ರ ಸುಮಾರಿಗೆ. ಬಿಸು ಬರುವುದು ಏಪ್ರಿಲ್ ಮಧ್ಯಕ್ಕೆ. ಭೂಮಿಯ ಅಕ್ಷವು ಮೆಲ್ಲಮೆಲ್ಲನೆ ತಿರುಗುವುದರಿಂದ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ನಿರಯನ ಸಂಕ್ರಮಣವು ಋತುವಿನಿಂದ ದೂರ ಸರಿಯುತ್ತಿದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಇದನ್ನು ಸರಿಪಡಿಸಲು ಶಿಫಾರಸು ಮಾಡಿತು, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವೂ ಜಾರಿಗೆ ಬಂದಿತು. ಹಬ್ಬಗಳು ಮಾತ್ರ ಹಳೆಯ ಜಾಗದಲ್ಲೇ ಉಳಿದವು. ಇನ್ನು ತಮಿಳುನಾಡಿನಲ್ಲಿ 2008ರಲ್ಲಿ ಶಾಸನವೊಂದು ಹೊಸವರ್ಷವನ್ನು ತೈ ತಿಂಗಳ ಮೊದಲ ದಿನಕ್ಕೆ ಒಯ್ದಿತು, 2011ರಲ್ಲಿ ಮುಂದಿನ ಸರ್ಕಾರ ಅದನ್ನು ಚಿತ್ತಿರೈಗೆ ಮರಳಿ ತಂದಿತು. ವಿಧಾನಸಭೆಯಲ್ಲಿ ಕೈಯೆತ್ತಿದರೆ ಸರಿಯುವ ದಿನಕ್ಕೆ ಹಣೆಬರಹ ಬದಲಿಸುವ ಶಕ್ತಿಯನ್ನು ಆರೋಪಿಸುವುದು ಎಂತಹ ಅರಿವು?

ಹಾಗಾದರೆ ಆಟಿಗೆ ಅಂಟಿದ ಅಶುಭದ ಹೆಸರು ಎಲ್ಲಿಂದ ಬಂತು? ಹಸಿವಿನಿಂದ ಬಂತು. ಹಗಲಿರುಳು ಸುರಿಯುವ ಮಳೆ, ನಾಟಿ ಮುಗಿದ ಗದ್ದೆ, ಬರಿದಾದ ಕಣಜ, ಕೈಗೆ ಕೆಲಸವಿಲ್ಲ. ಗೇಣಿದಾರನು ಧಣಿಯ ಮನೆಯ ಅಂಗಳದಲ್ಲಿ ನಿಂತು ಭತ್ತ ಸಾಲ ಕೇಳಬೇಕಾದ ಕಾಲವದು. ತಜಂಕಿನ ಸೊಪ್ಪು, ಕೆಸುವಿನ ಎಲೆ, ಬಿದಿರಿನ ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ಇವು ರುಚಿಗಾಗಿ ಆರಿಸಿಕೊಂಡ ತಿನಿಸುಗಳಲ್ಲ, ಬೇರೇನೂ ಇಲ್ಲದಾಗ ಜೀವ ಉಳಿಸಿದವು. ಮಾರಿ ಕಳೆಯುತ್ತೇನೆಂದು ಮನೆಮನೆಗೆ ಬರುತ್ತಿದ್ದ ಆಟಿ ಕಳಂಜನಿಗೆ ಹಾಕುತ್ತಿದ್ದ ಅಕ್ಕಿ ಆ ವೇಷದ ಹಿಂದಿದ್ದ ನಲಿಕೆಯವರ ಮಕ್ಕಳ ಅಂದಿನ ಊಟ. ತಮಿಳರ ಮಾರಿಯಮ್ಮನ ಗುಡಿಗಳಲ್ಲಿ ಆಡಿಯಲ್ಲಿ ಅಂಬಲಿ ಹಂಚುವುದರ ಹಿಂದೆಯೂ ಇದೇ ಕರುಣೆಯಿದೆ. ಉಣ್ಣಲಿಕ್ಕಿಲ್ಲದ ತಿಂಗಳಲ್ಲಿ ಮದುವೆಯ ಊಟ ಹಾಕುವುದು ಹೇಗೆ? ಆಗದ ಮಾತನ್ನು ಹಿರಿಯರು ಬೇಡವೆಂದರು. ಬೇಡವೆಂದದ್ದನ್ನು ಕಿರಿಯರು ಕೂಡದೆಂದರು. ಕೂಡದೆಂದದ್ದನ್ನು ಜೋಯಿಸರು ಪಾಪವೆಂದರು. ಕಷ್ಟವು ಶಾಸ್ತ್ರವಾದ ಬಗೆ ಇದು.

ಆ ಹಸಿವನ್ನು ಓಡಿಸಿದ್ದು ಯಾವ ವ್ರತವೂ ಅಲ್ಲ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರನು ನೆಲದ ಒಡೆಯನಾದನು, ಪಡಿತರದ ಅಕ್ಕಿ ಬಂತು, 2013ರಲ್ಲಿ ಅನ್ನಭಾಗ್ಯ ಬಂತು. ಹಸಿವು ಹೋಯಿತು, ಅಶುಭ ಮಾತ್ರ ಉಳಿಯಿತು. ಇಂದು ಸಭಾಭವನಗಳಲ್ಲಿ "ಆಟಿಡೊಂಜಿ ದಿನ" ನಡೆಯುತ್ತದೆ. ಒಂದು ಕಾಲದಲ್ಲಿ ಹಸಿದವರು ಹೊಟ್ಟೆಗೆ ಹಾಕಿಕೊಂಡ ಸೊಪ್ಪು ಈಗ ಹತ್ತಾರು ಬಗೆಯ ಭಕ್ಷ್ಯಗಳ ಸಾಲಿನಲ್ಲಿ ಕುಳಿತಿದೆ. ನೆನಪು ಮಾಡಿಕೊಳ್ಳುವುದು ತಪ್ಪಲ್ಲ. ಆದರೆ ಹಸಿವಿನ ನೆನಪನ್ನು ಹೊಟ್ಟೆಬಿರಿಯೆ ಉಂಡು ಆಚರಿಸಿ, ಅದೇ ತಿಂಗಳು ಬಾಡಿಗೆ ಮನೆ ಕೇಳಿ ಬಂದವನಿಗೆ "ಆಟಿ ಕಳೆಯಲಿ" ಎಂದು ಬಾಗಿಲು ಹಾಕುವುದು ಯಾವ ಸಂಸ್ಕೃತಿ?

ಅರಿವಿಲ್ಲದ ಆಚಾರವು ಪ್ರಾಣಕ್ಕೂ ಎರವಾಗಬಲ್ಲುದು. ಪಾಲೆಯ ಕೆತ್ತೆಯನ್ನು ನಸುಕಿನ ಕತ್ತಲೆಯಲ್ಲಿ, ಕಲ್ಲಿನಿಂದ ಜಜ್ಜಿ ತರಬೇಕೆಂಬುದು ವಾಡಿಕೆ. ಮರದ ಗುರುತು ಬಲ್ಲ ಹಿರಿಯರಿದ್ದಾಗ ಕತ್ತಲೆಯೂ ತೊಡಕಾಗಲಿಲ್ಲ. ಗುರುತು ಮರೆತು ವಾಡಿಕೆ ಮಾತ್ರ ಉಳಿದವರು ಪಾಲೆಯೆಂದು ಕಾಸರಕನ ಕೆತ್ತೆ ತಂದರೆ, ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಅಮಾವಾಸ್ಯೆಯ ಮಹಿಮೆ ಆ ವಿಷವನ್ನು ಇಳಿಸಲಾರದು. ಹಗಲಿನಲ್ಲಿ ಮರ ನೋಡಿ, ಬಲ್ಲವರನ್ನು ಕೇಳಿ ತಂದ ಕೆತ್ತೆಗೆ ಗುಣ ಕಡಿಮೆಯಾಗುವುದೂ ಇಲ್ಲ.

ಪುಯಿಂತೆಲ್ ತಿಂಗಳ ಕೊನೆಗೆ ಬರುವ ಕೆಡ್ಡಸದ ಮಾತು ಇನ್ನೂ ಆಳವಾದುದು. ಭೂಮಿತಾಯಿ ಮುಟ್ಟಾದಳೆಂದು ತುಳುವರು ಮೂರು ದಿನ ನೆಲವನ್ನು ಅಗೆಯುವುದಿಲ್ಲ, ಮರ ಕಡಿಯುವುದಿಲ್ಲ. ಮಣ್ಣಿಗೂ ದಣಿವುಂಟು, ಅದಕ್ಕೂ ಬಿಡುವು ಬೇಕೆಂದ ಆ ಮನಸ್ಸು ದೊಡ್ಡದು. ಆದರೆ ಭೂಮಿಯ ಮುಟ್ಟಿಗೆ ಎಣ್ಣೆ, ಅರಸಿನ, ಕುಂಕುಮವಿಟ್ಟು ಕೈಮುಗಿಯುವ ಮನೆಯಲ್ಲೇ ಮಗಳು ಮುಟ್ಟಾದರೆ ಆಕೆಗೆ ದೇವರ ಕೋಣೆಯಿಲ್ಲ, ಅಡುಗೆಮನೆಯಿಲ್ಲ. ನೆಲಕ್ಕಾದರೆ ಹಬ್ಬ, ಹೆಣ್ಣಿಗಾದರೆ ಮೈಲಿಗೆ! ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಒಟ್ಟಿಗೆ ನಿರಾಕರಿಸಿದರು. ವಾರ, ತಿಥಿ, ನಕ್ಷತ್ರಗಳ ಶುಭಾಶುಭವನ್ನು ನಿರಾಕರಿಸಿದವರೂ ಅವರೇ. ದಿನಕ್ಕೆ ಮೈಲಿಗೆ ಹೊರಿಸುವ ಬುದ್ಧಿಯೇ ದೇಹಕ್ಕೂ ಮೈಲಿಗೆ ಹೊರಿಸುತ್ತದೆಂಬುದನ್ನು ಅವರು ಕಂಡಿದ್ದರು.

ಹಿರಿಯರು ಮಾಡಿದ್ದನ್ನೆಲ್ಲ ಎಸೆದುಬಿಡಬೇಕೇ ಎಂದು ಕೆಲವರು ಕೇಳಬಹುದು. ಎಸೆಯಬೇಕಾಗಿಲ್ಲ. ಬೇಶದ ಹತ್ತನೆಯ ದಿನವಾದ ಪತ್ತನಾಜೆಗೆ ಕೋಲ, ನೇಮ, ಯಕ್ಷಗಾನದ ತಿರುಗಾಟಗಳು ನಿಂತದ್ದು ಮಳೆಗೆ ಮೊದಲು ಎಲ್ಲರೂ ಗದ್ದೆಗೆ ಮರಳಲೆಂದು. ಅದು ಕಾಯಕದ ಪಂಚಾಂಗ. ಅಂತಹ ಲೆಕ್ಕವನ್ನು ಗೌರವಿಸುವುದು ಬೇರೆ, ದಿನಕ್ಕೆ ಹೆದರುವುದು ಬೇರೆ. ಪಾಲೆಯ ಮರವನ್ನು ಮಕ್ಕಳಿಗೆ ತೋರಿಸಲಿ. ಕೆಡ್ಡಸದ ಬಿಡುವು ದುಡಿಯುವ ಹೆಣ್ಣಿಗೂ ಸಿಗಲಿ. ಏಕಾದಶಿಗೆ ಊಟ ಬಿಟ್ಟವರು ಬಿಟ್ಟ ಊಟವನ್ನು ಹಸಿದವರ ಎಲೆಗೆ ಬಡಿಸಲಿ. ಆಗ ಆ ಉಪವಾಸವು ದಾಸೋಹವಾಗುತ್ತದೆ. ಹಾಗಲ್ಲದೆ ಮರುದಿನದ ಪಾರಣೆಯ ಭಕ್ಷ್ಯಗಳನ್ನು ನೆನೆಯುತ್ತ ಕಳೆದ ಏಕಾದಶಿ ಒಂದು ಹೊತ್ತಿನ ಊಟ ತಪ್ಪಿದ ದಿನವಷ್ಟೇ.

ನಾರಾವಿಯ ಬೆಟ್ಟದ ಮೇಲೆ ಆಟಿಯಲ್ಲೂ ಸೂರ್ಯನು ಹುಟ್ಟುತ್ತಾನೆ. ಮೋಡ ಕವಿದು ಕಾಣದಿದ್ದರೂ ಹುಟ್ಟುತ್ತಾನೆ. ಗುಡಿಯಲ್ಲಿ ಅವನನ್ನು ಪೂಜಿಸುವವರು ಅವನೇ ತರುವ ದಿನವನ್ನು ಕೆಟ್ಟದೆಂದು ಜರೆಯಬಾರದು.