ಲೋಟದಲ್ಲಿ ತಿಳಿಯುವ ಮರಳು

ಮನೆ ಕಟ್ಟಿಸುವಾಗ ಸಿಮೆಂಟಿನ ಬ್ರಾಂಡ್ ಕೇಳ್ತೀವಿ, ಕಬ್ಬಿಣದ ಗ್ರೇಡ್ ಕೇಳ್ತೀವಿ. ಮರಳು ಮಾತ್ರ ‘ಒಂದು ಲೋಡ್’ ಅಂತ ಬಂದು ಗೇಟಿನ ಮುಂದೆ ಬೀಳುತ್ತೆ. ಗೋಡೆಯ ಗಾರೆಯಲ್ಲಿ ಸಿಮೆಂಟಿನ ನಾಲ್ಕೈದು ಪಟ್ಟು ಇರೋದು ಅದೇ. ಆದರೂ ಅದನ್ನು ಯಾರೂ ಏನೂ ಕೇಳಲ್ಲ.

ಊರಲ್ಲಿ ನಮ್ಮ ಮನೆ ಕೆಲಸ ಶುರುವಾದಾಗ ಉಸ್ತುವಾರಿ ಅಪ್ಪಂದು, 20 ವರ್ಷದ ಸಾಲ ನನ್ನದು. ಶನಿವಾರ ಬೆಂಗಳೂರಿನಿಂದ ಹೋದಾಗ ಮೊದಲ ಲೋಡ್ ಹೊಳೆ ಮರಳು ಬಂದಿತ್ತು. ಒಂದು ಹಿಡಿ ಹಿಂಡಿ ನೋಡಿದೆ. ಕೈ ಬಿಚ್ಚಿದರೂ ಉಂಡೆ ಒಡೆಯಲಿಲ್ಲ, ಅಂಗೈಗೆ ಕೆಂಪು ಮಣ್ಣು ಮೆತ್ತಿತ್ತು.

“ಇದಕ್ಕಿಂತ ಕೆಟ್ಟ ಮರಳಲ್ಲಿ ಎಷ್ಟೋ ಮನೆ ನಿಂತಿವೆ ಸಾರ್” ಅಂದ್ರು ಮೇಸ್ತ್ರಿ.

ನಿಂತಿರಬಹುದು. ಆದರೆ ಮರಳಿನ ಕಣಕ್ಕೆ ಜೇಡಿ ಮೆತ್ತಿಕೊಂಡರೆ ಸಿಮೆಂಟು ಸರಿಯಾಗಿ ಹಿಡಿಯಲ್ಲ. ಕಲಸೋಕೆ ನೀರೂ ಜಾಸ್ತಿ ಬೇಕು. ನೀರು ಹೆಚ್ಚಾದಷ್ಟೂ ಬಲ ಕಮ್ಮಿ, ಬಿರುಕು ಜಾಸ್ತಿ. ಗೋಡೆ ಉಜ್ಜಿದರೆ ಪ್ಲಾಸ್ಟರ್ ಪುಡಿಪುಡಿಯಾಗಿ ಉದುರೋದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಸುಲಭ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಗಾಜಿನ ಲೋಟದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮರಳು ಹಾಕಿ. ಚಿಟಿಕೆ ಉಪ್ಪು ಬೆರೆಸಿದ ನೀರು ತುಂಬಿ, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ. ಮೂರು ಗಂಟೆ ಅಲುಗಾಡಿಸದೆ ಇಡಿ. ಮರಳು ಕೆಳಗೆ, ಹೂಳು ಅದರ ಮೇಲೆ ಪದರವಾಗಿ ಕೂರುತ್ತೆ. ಎರಡನ್ನೂ ಸ್ಕೇಲಿನಲ್ಲಿ ಅಳೆಯಿರಿ. 10 ಸೆಂ.ಮೀ. ಮರಳಿಗೆ ಹೂಳು 8 ಮಿ.ಮೀ. ದಾಟಬಾರದು, ಅಂದರೆ ಶೇ. 8.

ನಮ್ಮ ಲೋಟದಲ್ಲಿ ಅದು ಒಂದೂವರೆ ಸೆಂ.ಮೀ. ಇತ್ತು.

ಅಪ್ಪನಿಗೆ ಪೇಚಾಟ. “ದಿನಾ ಎದುರಿಗೆ ಸಿಗೋ ಮನುಷ್ಯ, ಮರಳು ಸರಿಯಿಲ್ಲ ಅಂತ ಹೇಗೋ ಹೇಳೋದು?”

“ನೀವೇನೂ ಹೇಳ್ಬೇಡಿ ಅಪ್ಪಾ, ಲೋಟ ತೋರಿಸಿ ಸಾಕು” ಅಂದೆ.

ಅಪ್ಪ ತೋರಿಸಿದ್ರು. ಮರಳಿನವರು ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದ್ರು, ವಾದ ಮಾಡಲಿಲ್ಲ. ಆ ಲೋಡ್ ಅರ್ಧ ಬೆಲೆಗೆ ಪಾಯದೊಳಗೆ ತುಂಬೋಕೆ ಹೋಯ್ತು. ಗಾರೆಗೆ ಬೇರೆ ಮರಳು ಬಂತು. ಸ್ನೇಹವೂ ಉಳಿಯಿತು.

ಎಂ-ಸ್ಯಾಂಡ್ ತರಿಸುವವರಿಗೆ ಒಂದು ಮಾತು. ಅದರಲ್ಲಿ ಕಲ್ಲಿನ ನಯವಾದ ಪುಡಿ ಸಹಜ. ಹಾಗಾಗಿ ಲೋಟ ನೋಡಿ ತೀರ್ಮಾನಿಸೋದು ಕಷ್ಟ. 75 ಮೈಕ್ರಾನ್‌ಗಿಂತ ಸಣ್ಣ ಪುಡಿ ತೂಕದಲ್ಲಿ ಹೊಳೆ ಮರಳಿಗೆ ಶೇ. 3, ಎಂ-ಸ್ಯಾಂಡಿಗೆ ಶೇ. 15ರವರೆಗೆ ಇರಬಹುದು ಅನ್ನುತ್ತೆ ಐಎಸ್ 383. ಮಾರುವವರ ಹತ್ತಿರ ಲ್ಯಾಬ್ ವರದಿ ಕೇಳಿ. ಕ್ರಷರಿನ ಬರೀ ಜಲ್ಲಿ ಪುಡಿಯನ್ನೇ ಎಂ-ಸ್ಯಾಂಡ್ ಅಂತ ಕೊಡುವವರೂ ಇದ್ದಾರೆ. ಕೆರೆ, ಹೊಲದ ಮಣ್ಣು ತೊಳೆದು ಮಾಡಿದ ‘ಫಿಲ್ಟರ್ ಮರಳು’ ಅಂತೂ ಬೇಡವೇ ಬೇಡ.

ಇನ್ನೊಂದು ಲೆಕ್ಕ. ತೇವ ಇರುವ ಮರಳು ಉಬ್ಬಿ ಶೇ. 25-30ರಷ್ಟು ಹೆಚ್ಚು ಜಾಗ ಹಿಡಿಯಬಹುದು. ಅಳತೆ ಲೆಕ್ಕದಲ್ಲಿ ಕೊಂಡರೆ ಆ ಉಬ್ಬಿಗೂ ದುಡ್ಡು ಕೊಟ್ಟಂತೆ.

ಲೋಡ್ ಬಿದ್ದ ಮೇಲೆ ಬೇಡ ಅನ್ನೋದು ಎಲ್ಲರಿಗೂ ಕಷ್ಟ. ಆರ್ಡರ್ ಕೊಡುವ ಹಿಂದಿನ ದಿನವೇ ಒಂದು ಬಕೆಟ್ ಸ್ಯಾಂಪಲ್ ತರಿಸಿ. ಲೋಟದ ಫೋಟೋ ತೆಗೆದು ಮೇಸ್ತ್ರಿಗೂ ಮರಳಿನವರಿಗೂ ವಾಟ್ಸಾಪ್ ಮಾಡಿಡಿ. ಟಿಪ್ಪರ್ ಬಂದಾಗ ಅದೇ ಮರಳಾ ಅಂತ ಹೋಲಿಸಿ ನೋಡೋದು ಮನೆಯಲ್ಲಿ ಯಾರಿಂದಾದರೂ ಆಗುತ್ತೆ.